ಕೆಲಸದ ಹೊರೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಅಂತಾರೆ: ಅದನ್ನು ಅಳೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಮಧ್ಯಮ ಗಾತ್ರದ ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಗೋದಾಮು ಇದೆ, ಗ್ರಾಹಕರ ಕರೆ ತೆಗೆದುಕೊಳ್ಳುವ ವಿಭಾಗ ಇದೆ, ಲೆಕ್ಕಪತ್ರ ಇದೆ. "ಮೊದಲಿನ ಹಾಗಿಲ್ಲ, ಉಸಿರಾಡೋಕೂ ಪುರುಸೊತ್ತಿಲ್ಲ" ಅನ್ನೋ ಮಾತು ಎಲ್ಲ ಕಡೆಯಿಂದ ಬರ್ತಿದೆ. ಮೇಲಿನವರು ಹಾಜರಿ ಲೆಕ್ಕ ತೆಗೆದು "ಕೆಲಸದ ಅವಧಿ ಒಂದು ಗಂಟೆಯೂ ಹೆಚ್ಚಿಲ್ಲವಲ್ಲ" ಅಂತಾರೆ. ಇಬ್ಬರ ಮಾತೂ ನಿಜ ಅನ್ನಿಸುತ್ತೆ. ಸರ್ವೆ ಮಾಡಿ ವರದಿ ಕೊಡುವ ಜವಾಬ್ದಾರಿ ನನಗೆ ಬಂದಿದೆ. ಏನು ಕೇಳಬೇಕು, ಹೇಗೆ ಕೇಳಬೇಕು, ಬಂದ ಅಂಕಿಗಳನ್ನು ಎಷ್ಟು ನಂಬಬೇಕು? ಇಂಥ ಸರ್ವೆ ಮಾಡಿದವರೂ ಹೇಳಿ, ಅದಕ್ಕೆ ಉತ್ತರ ಕೊಟ್ಟವರೂ ಹೇಳಿ.

ಕೆಲಸದ ಮನೋವಿಜ್ಞಾನ ಓದಿದವರು:
"ಮೊದಲಿನ ಹಾಗಿಲ್ಲ" ಎಂದು ನಿಮ್ಮ ಜನ ಹೇಳುತ್ತಿದ್ದಾರಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಅವರು ಮಾತಾಡುತ್ತಿರುವುದು ಬದಲಾವಣೆಯ ಬಗ್ಗೆ. ಸುಲಭವಾಗಿ ಸಿಗುವ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಕೇಳುವುದು ಇವತ್ತಿನ ಸ್ಥಿತಿಯನ್ನು. 1979ರಲ್ಲಿ ಸಂಶೋಧಕ ರಾಬರ್ಟ್ ಕಾರಸೆಕ್ ಮುಂದಿಟ್ಟ ಕೆಲಸದ ಒತ್ತಡದ ಮಾದರಿಯಿಂದ ಬೆಳೆದ ಪ್ರಶ್ನೆಗಳು "ನಿಮ್ಮ ಕೆಲಸದಲ್ಲಿ ತುಂಬಾ ವೇಗವಾಗಿ ದುಡಿಯಬೇಕೇ" ಎಂಬ ಬಗೆಯವು. ಕೆಲಸಕ್ಕೆ ಸೇರಿದಂದಿನಿಂದ ಒಂದೇ ವೇಗದಲ್ಲಿ ಓಡುತ್ತಿರುವವರೂ ಹೌದು ಅನ್ನುತ್ತಾರೆ, ಹೋದ ವರ್ಷದಿಂದ ಓಡಲು ಶುರುಮಾಡಿದವರೂ ಹೌದು ಅನ್ನುತ್ತಾರೆ. ಇಬ್ಬರಿಗೂ ಒಂದೇ ಸ್ಕೋರ್ ಬೀಳುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸ ಆ ಸ್ಕೋರಿನಲ್ಲಿ ಕಾಣುವುದೇ ಇಲ್ಲ.

ಬದಲಾವಣೆಯನ್ನೇ ಅಳೆಯಲೆಂದು ರೂಪಿಸಿದ ಒಂದು ಅಳತೆಗೋಲು ಇದೆ. ವಿಯೆನ್ನಾದ ಬೆಟ್ಟಿನಾ ಕುಬಿಚೆಕ್, ಮಾಟೆಯಾ ಪಾಶ್ಕ್ವಾನ್ ಮತ್ತು ಕ್ರಿಸ್ಟಿಯಾನ್ ಕೊರುಂಕಾ 2015ರಲ್ಲಿ ಪ್ರಕಟಿಸಿದ್ದು. ಒಟ್ಟು 19 ವಾಕ್ಯಗಳು. ಕಳೆದ ಐದು ವರ್ಷಗಳನ್ನು ನೆನೆದು, ಪ್ರತಿಯೊಂದು ವಾಕ್ಯ ನಿಮಗೆ ಎಷ್ಟು ಹೊಂದುತ್ತದೆ ಎಂದು ಐದು ಹಂತಗಳಲ್ಲಿ ಗುರುತಿಸಬೇಕು. ಸಮಾಜದ ವೇಗವೇ ಹೆಚ್ಚುತ್ತಿದೆ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞ ಹಾರ್ಟ್‌ಮುಟ್ ರೋಸಾ ಅವರ ವಿಚಾರ ಇದರ ಹಿನ್ನೆಲೆಯಲ್ಲಿದೆ. ಹಾಗಾಗಿ ಇದು ಬರೀ ಅವಸರವನ್ನು ನೋಡುವುದಿಲ್ಲ, ಐದು ಬಗೆಯ ಹೊರೆಯನ್ನು ಬೇರೆಬೇರೆಯಾಗಿ ನೋಡುತ್ತದೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಅಷ್ಟೇ ಸಮಯದಲ್ಲಿ ಹೆಚ್ಚು ಕೆಲಸ, ಒಟ್ಟೊಟ್ಟಿಗೆ ಎರಡು ಮೂರು ಕೆಲಸ, ನಡುವೆ ಬಿಡುವು ಕಡಿಮೆ. ಎರಡನೆಯದನ್ನು ಬಹಳಷ್ಟು ಜನ ಗಮನಿಸುವುದೇ ಇಲ್ಲ. ಮೊದಲು ಮೇಲ್ವಿಚಾರಕರು ಹೇಳಿಕೊಡುತ್ತಿದ್ದ ಕ್ರಮ, ಆದ್ಯತೆ, ತೀರ್ಮಾನ ಇವೆಲ್ಲ ಈಗ ಕೆಲಸಗಾರರ ತಲೆಯ ಮೇಲೆ ಬಂದಿರುತ್ತವೆ. ಇದನ್ನು "ಸ್ವಾತಂತ್ರ್ಯ ಕೊಟ್ಟಿದ್ದೇವೆ" ಎಂದು ಹೇಳುವವರಿದ್ದಾರೆ. ಹೌದು, ಕೆಲವರಿಗೆ ಅದು ಸ್ವಾತಂತ್ರ್ಯವೇ. ಆದರೆ ತೀರ್ಮಾನಿಸುವುದಕ್ಕೂ ಸಮಯ ಬೇಕು, ಆ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಮೂರನೆಯದು ಮುಂದಿನ ವೃತ್ತಿಯ ಚಿಂತೆ: ಈ ಕೆಲಸ ಇರುತ್ತದೋ ಇಲ್ಲವೋ, ಬೇರೆಡೆಗೆ ಹೋಗಲು ಏನು ತಯಾರಿ ಬೇಕು ಎಂದು ಸದಾ ಯೋಚಿಸಬೇಕಾದ ಸ್ಥಿತಿ. ಉಳಿದ ಎರಡು ಕಲಿಕೆಗೆ ಸೇರಿದ್ದು, ಒಂದು ಹೊಸ ತಿಳಿವಳಿಕೆ, ಇನ್ನೊಂದು ಹೊಸ ಕೌಶಲ.

ಈ ಐದನ್ನೂ ಕೂಡಿಸಿ ಒಂದೇ ಅಂಕಿ ಮಾಡಬೇಡಿ. ಗೋದಾಮಿನವರಿಗೆ ವೇಗ ಹೆಚ್ಚಿ, ತೀರ್ಮಾನಿಸುವ ಅವಕಾಶ ಕಡಿಮೆಯಾಗಿರಬಹುದು. ಲೆಕ್ಕಪತ್ರದವರಿಗೆ ಕಲಿಕೆ ಹೆಚ್ಚಿರಬಹುದು. ಕೂಡಿಸಿದರೆ ಎರಡೂ ಕಡೆ "ಮಧ್ಯಮ" ಎಂದು ಬಂದು ವರದಿ ಸಪ್ಪೆಯಾಗುತ್ತದೆ.

ಲೆಕ್ಕಪತ್ರ ವಿಭಾಗದಲ್ಲಿರುವವರು:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಸರ್ವೆ ಮಾಡಿದಾಗ "ಕೆಲಸದ ಪ್ರಮಾಣ ಹೆಚ್ಚಾಗಿದೆಯೇ" ಅಂತ ಕೇಳಿದರು. ಇಲ್ಲ ಅಂತ ಬರೆದೆ. ಬಿಲ್ಲುಗಳ ಸಂಖ್ಯೆ ಅಷ್ಟೇ ಇತ್ತು, ಬೇರೇನು ಬರೆಯಲಿ? ಆದರೆ ಹಳೆಯ ಸಾಫ್ಟ್‌ವೇರ್ ಕೈಗೆ ಹತ್ತುವಷ್ಟರಲ್ಲಿ ಹೊಸದು ಬಂದಿತ್ತು, ಅದರ ಜೊತೆಗೆ ನಿಯಮಗಳೂ ಬದಲಾಗಿದ್ದವು. ಸಂಜೆ ಮನೆಯಲ್ಲಿ ಕೂತು ಕಲಿಯುತ್ತಿದ್ದೆ. ಆ ಸರ್ವೆಯಲ್ಲಿ ಅದನ್ನು ಹೇಳಲು ಒಂದು ಸಾಲೂ ಇರಲಿಲ್ಲ. ಕಲಿಯೋದು ನನಗೆ ಇಷ್ಟವೇ. ಕಲಿಯಲು ಕೆಲಸದ ವೇಳೆಯಲ್ಲೇ ಜಾಗ ಮಾಡಿಕೊಟ್ಟಿದ್ದಾರಾ ಅನ್ನೋ ಪ್ರಶ್ನೆಯನ್ನು ದಯವಿಟ್ಟು ಸೇರಿಸಿ.

ಆಸ್ಪತ್ರೆಯೊಂದರ ವಾರ್ಡ್ ಉಸ್ತುವಾರಿ ನರ್ಸ್:
ಗಂಟೆಗಳ ಲೆಕ್ಕದ ಬಗ್ಗೆ ಒಂದು ಮಾತು. ಗಂಟೆ ಮುಖ್ಯ ಅಲ್ಲ ಅಂತ ಯಾರೂ ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಕೊಟ್ಟ ಅಂದಾಜು ನೋಡಿ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕೂ ಮೇಲೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು 17% ಹೆಚ್ಚು. ಆದರೆ ನಿಮ್ಮ ಮೇಲಿನವರು ಕೇಳುತ್ತಿರುವ ಪ್ರಶ್ನೆಗೆ ಹಾಜರಿ ಪುಸ್ತಕದಲ್ಲಿ ಉತ್ತರ ಸಿಗಲ್ಲ. ನನ್ನ ಶಿಫ್ಟ್ ಮೊದಲೂ ಎಂಟು ಗಂಟೆ, ಈಗಲೂ ಎಂಟು ಗಂಟೆ. ಆ ಎಂಟು ಗಂಟೆಯ ಒಳಗೆ ಏನೇನು ತುಂಬಿದ್ದಾರೆ ಅನ್ನೋದನ್ನು ನೋಡಬೇಕು.

ಅದಕ್ಕಾಗಿ ಸರ್ವೆಯ ಜೊತೆಗೆ ದಾಖಲೆಗಳನ್ನೂ ತೆಗೆಯಿರಿ. ನಮ್ಮಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ದಿನಕ್ಕೆ ಎಷ್ಟು ಹೊಸ ದಾಖಲಾತಿ, ಎಷ್ಟು ಡಿಸ್ಚಾರ್ಜ್ ಅಂತ ನೋಡಿದೆವು. ಹಾಸಿಗೆಗಳ ಸಂಖ್ಯೆ ಬದಲಾಗಿರಲಿಲ್ಲ. ಆದರೆ ರೋಗಿಗಳು ಬೇಗ ಬೇಗ ಮನೆಗೆ ಹೋಗಿ, ಅದೇ ಹಾಸಿಗೆಗೆ ಹೊಸಬರು ಬರುತ್ತಿದ್ದರು. ದಾಖಲಾತಿಯ ದಿನ ಮತ್ತು ಬಿಡುಗಡೆಯ ದಿನವೇ ಹೆಚ್ಚು ಕೆಲಸ ಇರುವುದು. ನಡುವಿನ ಸುಲಭದ ದಿನಗಳು ಮಾಯವಾಗಿದ್ದವು. ಇದನ್ನು ಕಾಗದದ ಮೇಲೆ ತೋರಿಸಿದಾಗ ಆಡಳಿತದವರಿಗೆ ಅರ್ಥವಾಯಿತು.

ದಾಖಲೆಗೂ ಕಾಣದ್ದು ಇದೆ. ಗಾಬರಿಯಾದ ಮಗನನ್ನು ಕೂರಿಸಿ ಅಮ್ಮನ ಸ್ಥಿತಿ ವಿವರಿಸುವುದು, ಹೊಸ ಹುಡುಗಿಗೆ ಕೈಹಿಡಿದು ಕೆಲಸ ಕಲಿಸುವುದು, ಇವು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವಸರ ಹೆಚ್ಚಾದಾಗ ಮೊದಲು ಬಿಟ್ಟುಹೋಗುವುದೂ ಇವೇ. ಹಾಗಾಗಿ ನಾನು ಸರ್ವೆಗೆ ಒಂದು ಪ್ರಶ್ನೆ ಸೇರಿಸಿದ್ದೆ: "ಮಾಡಬೇಕು ಅಂತ ಗೊತ್ತಿದ್ದೂ ಸಮಯವಿಲ್ಲದೆ ನೀವು ಬಿಟ್ಟ ಕೆಲಸ ಯಾವುದು?" ಎಲ್ಲಕ್ಕಿಂತ ಉದ್ದದ ಉತ್ತರಗಳು ಬಂದಿದ್ದು ಅದಕ್ಕೇ. ಓದುವಾಗ ಕಣ್ಣು ತುಂಬಿ ಬಂತು.

ಗೋದಾಮಿನ ಕೆಲಸಗಾರ, ಯೂನಿಯನ್ ಪ್ರತಿನಿಧಿ:
ಸರ್, ವೇಗ ಹೆಚ್ಚಾಗಿದೆಯಾ ಅಂತ ಕೇಳಿ ಅಲ್ಲಿಗೇ ಬಿಡಬೇಡಿ. ಆ ವೇಗವನ್ನು ಯಾರು ಗೊತ್ತು ಮಾಡ್ತಾರೆ ಅಂತಲೂ ಕೇಳಿ. ಯುರೋಪಿನಲ್ಲಿ ಯುರೋಫೌಂಡ್ ಅನ್ನೋ ಸಂಸ್ಥೆ 1990ರ ದಶಕದ ಆರಂಭದಿಂದ ಕೆಲಸದ ಸ್ಥಿತಿಗತಿಯ ದೊಡ್ಡ ಸಮೀಕ್ಷೆ ನಡೆಸುತ್ತಾ ಬಂದಿದೆ. ಅತಿ ವೇಗದಲ್ಲಿ ಮತ್ತು ಬಿಗಿಯಾದ ಗಡುವಿನಲ್ಲಿ ಎಷ್ಟು ಹೊತ್ತು ದುಡಿಯುತ್ತೀರಿ ಅನ್ನೋದರ ಜೊತೆಗೆ, ನಿಮ್ಮ ವೇಗ ಯಾವುದರ ಮೇಲೆ ನಿಂತಿದೆ ಅಂತಲೂ ಅದರಲ್ಲಿ ಕೇಳಿದ್ದಾರೆ. ಸಹೋದ್ಯೋಗಿಗಳ ಕೆಲಸದ ಮೇಲಾ, ಗ್ರಾಹಕರ ಒತ್ತಾಯದ ಮೇಲಾ, ಟಾರ್ಗೆಟ್ ಮೇಲಾ, ಯಂತ್ರದ ವೇಗದ ಮೇಲಾ, ಮೇಲಧಿಕಾರಿಯ ನಿಗಾದ ಮೇಲಾ. ನಮಗೆ ಈ ಪ್ರಶ್ನೆಯಿಂದ ತುಂಬಾ ಉಪಯೋಗ ಆಯ್ತು.

ಯಾಕೆ ಅಂದ್ರೆ ನಮ್ಮಲ್ಲಿ ಟಾರ್ಗೆಟ್ ಏರಿರಲೇ ಇಲ್ಲ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬಂದಿತ್ತು ಅಷ್ಟೇ. ಮೊದಲು ಒಂದು ಆರ್ಡರ್ ಮುಗಿಸಿ ಚೀಟಿ ತರಲು ಮೇಜಿನ ತನಕ ನಡೀತಿದ್ವಿ, ದಾರಿಯಲ್ಲಿ ಬೆನ್ನು ನೇರ ಮಾಡ್ಕೊಳ್ತಿದ್ವಿ, ಒಂದೆರಡು ಮಾತಾಡ್ತಿದ್ವಿ. ಸ್ಕ್ಯಾನರ್ ಬಂದ ಮೇಲೆ ಒಂದು ಮುಗಿದ ಕ್ಷಣಕ್ಕೆ ಮುಂದಿನದು ಪರದೆಯ ಮೇಲೆ ಬರುತ್ತೆ. ಆ ಪುಟ್ಟ ಬಿಡುವುಗಳು ಯಾವ ನಿಯಮದಲ್ಲೂ ಇರಲಿಲ್ಲ, ಅದಕ್ಕೇ ಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಸಂಜೆ ಸೊಂಟಕ್ಕೆ ಮಾತ್ರ ಗೊತ್ತಾಗುತ್ತೆ. "ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ ನಿಮ್ಮದೇ ಆದ ಹೊತ್ತು ಸಿಗುತ್ತಾ? ಮೊದಲು ಸಿಗ್ತಿತ್ತಾ?" ಅಂತ ನೇರವಾಗಿ ಕೇಳಿ.

ಇನ್ನೊಂದು. ಉತ್ತರ ಕೊಟ್ಟವರು ಯಾರು ಅಂತ ಸೂಪರ್‌ವೈಸರ್‌ಗೆ ತಿಳಿಯುತ್ತೆ ಅನ್ನೋ ಅನುಮಾನ ಬಂದರೆ ಎಲ್ಲರೂ ಮಧ್ಯದ ಆಯ್ಕೆಗೆ ಟಿಕ್ ಹಾಕಿ ಎದ್ದು ಹೋಗ್ತಾರೆ. ವಯಸ್ಸು, ಶಿಫ್ಟ್, ಸೇರಿದ ವರ್ಷ ಮೂರನ್ನೂ ಕೇಳಿದರೆ ಸಣ್ಣ ವಿಭಾಗದಲ್ಲಿ ಹೆಸರು ಕೇಳಿದ ಹಾಗೇ.

ಅಂಕಿಅಂಶದ ಕೆಲಸ ಮಾಡುವವರು:
ಯೂನಿಯನ್‌ನವರ ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ತೋರಿಸಲೇಬೇಡಿ. ಇದನ್ನು ಪ್ರಶ್ನಾವಳಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಮನೋವಿಜ್ಞಾನದವರು ಹೇಳಿದ ಐದು ವರ್ಷದ ಹೋಲಿಕೆಯ ಬಗ್ಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಐದು ವರ್ಷದ ಹಿಂದೆ ಕೆಲಸ ಹೇಗಿತ್ತು ಎಂಬ ನೆನಪಿಗೆ ಇವತ್ತಿನ ಆಯಾಸದ ಬಣ್ಣ ಹತ್ತಿರುತ್ತದೆ. ಬಳಲಿದವರಿಗೆ ಹಿಂದಿನದೆಲ್ಲ ಸುಲಭವಾಗಿತ್ತು ಎನಿಸುತ್ತದೆ. ವೇಗಕ್ಕೆ ಒಗ್ಗಿಹೋದವರಿಗೆ "ಯಾವಾಗಲೂ ಹೀಗೇ ಇತ್ತು" ಎನಿಸುತ್ತದೆ. ಹೊಸದಾಗಿ ಸೇರಿದವರಿಗಂತೂ ಹೋಲಿಸಲು ಏನೂ ಇಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ, ವರ್ಷಗಳ ಲೆಕ್ಕ ಬಿಟ್ಟು ಎಲ್ಲರಿಗೂ ಗೊತ್ತಿರುವ ಘಟನೆಯನ್ನು ಗುರುತಾಗಿ ಇಡುವುದು: "ಸ್ಕ್ಯಾನರ್ ಬರುವ ಮೊದಲು" ಅಥವಾ "ಎರಡು ವಿಭಾಗ ಒಂದಾಗುವ ಮೊದಲು". ನೆನಪು ಅಂಥ ಘಟನೆಗಳಿಗೆ ಅಂಟಿಕೊಂಡಿರುತ್ತದೆ. ಹಾಗೆ ಗುರುತು ಬದಲಾಯಿಸಿದರೆ ನಿಮ್ಮ ಅಂಕಿಗಳನ್ನು ಬೇರೆ ಅಧ್ಯಯನಗಳ ಅಂಕಿಗಳ ಪಕ್ಕ ಇಟ್ಟು ನೋಡುವಂತಿಲ್ಲ, ಅದು ತಿಳಿದಿರಲಿ.

ಇದಕ್ಕಿಂತ ಗಟ್ಟಿಯಾದ ದಾರಿ, ಇವತ್ತಿನ ಸ್ಥಿತಿಯನ್ನು ಇವತ್ತೇ ಅಳೆದಿಟ್ಟು, ಮುಂದಿನ ವರ್ಷ ಅದೇ ಜನರಿಗೆ ಅದೇ ಪ್ರಶ್ನೆಗಳನ್ನು ಒಂದಕ್ಷರವೂ ಬದಲಿಸದೆ ಕೇಳುವುದು. ಕೆಲಸದ ಜಾಗದ ಮಾನಸಿಕ, ಸಾಮಾಜಿಕ ಸ್ಥಿತಿಯನ್ನು ಅಳೆಯಲು ಡೆನ್ಮಾರ್ಕಿನಲ್ಲಿ ಹುಟ್ಟಿದ ಕೋಪನ್‌ಹೇಗನ್ ಪ್ರಶ್ನಾವಳಿ ಇದಕ್ಕೆ ಒಳ್ಳೆಯದು. ಅದರ 2010ರ ಎರಡನೇ ಆವೃತ್ತಿಯಲ್ಲಿ ಕೆಲಸದ ಪ್ರಮಾಣ ಬೇರೆ, ಕೆಲಸದ ವೇಗ ಬೇರೆ ಎಂದು ವಿಂಗಡಿಸಿದ್ದಾರೆ. ಕೆಲಸ ಬಾಕಿ ಉಳಿಯುವುದೂ ಉಸಿರುಗಟ್ಟುವ ಹಾಗೆ ಓಡುವುದೂ ಎರಡು ಬೇರೆ ಸಮಸ್ಯೆಗಳು. ನಾಸಾದಿಂದ ಬಂದ 1988ರ ಟಿಎಲ್‌ಎಕ್ಸ್ ಅಳತೆಯನ್ನು ಯಾರಾದರೂ ಸೂಚಿಸಬಹುದು. ಅದು ಒಂದು ನಿರ್ದಿಷ್ಟ ಕೆಲಸದ ತುಣುಕು ಎಷ್ಟು ಭಾರವೆನಿಸಿತು ಎಂದು ಆಗಲೇ ಕೇಳಲು ಚೆನ್ನಾಗಿದೆ, ಇಡೀ ಉದ್ಯೋಗದ ಬದಲಾವಣೆಗೆ ಹೊಂದುವುದಿಲ್ಲ.

ಕೊನೆಯದಾಗಿ, ಬಿಟ್ಟುಹೋದವರನ್ನು ಲೆಕ್ಕಕ್ಕೆ ಸೇರಿಸಿ. ಹೊರೆ ತಾಳಲಾಗದೆ ಹೋದವರು ನಿಮ್ಮ ಸರ್ವೆಯಲ್ಲಿ ಇರುವುದಿಲ್ಲ. ಉಳಿದವರು ತಾಳಿಕೊಂಡವರು. ಅವರ ಸರಾಸರಿ ಕಡಿಮೆ ಬಂದರೆ ಪರಿಸ್ಥಿತಿ ಸುಧಾರಿಸಿತು ಎಂದು ಓದುವುದು ಅಪಾಯ. ವಿಭಾಗವಾರು ರಾಜೀನಾಮೆ, ರಜೆ, ವರ್ಗಾವಣೆಯ ಕೋರಿಕೆಗಳನ್ನು ಸರಾಸರಿಯ ಪಕ್ಕದಲ್ಲೇ ಇಡಿ. ಜೊತೆಗೆ ಬರೀ ಸರಾಸರಿ ಕೊಡದೆ, ಅತಿ ಹೆಚ್ಚು ಎಂದವರು ಎಷ್ಟು ಜನ ಎಂಬುದನ್ನೂ ತೋರಿಸಿ.

ಮನೋವಿಜ್ಞಾನ ಓದಿದವರು ಮತ್ತೆ:
ಒಪ್ಪುತ್ತೇನೆ, ಎರಡನೇ ಸುತ್ತು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಇವರಿಗೆ ವರದಿ ಈಗಲೇ ಬೇಕು, ಒಂದು ವರ್ಷ ಕಾಯಲು ಮೇಲಿನವರು ಬಿಡುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ಬಾರಿಗೆ ಕೇಳಿ: ಬದಲಾವಣೆಯ ವಾಕ್ಯಗಳು ಮತ್ತು ಇವತ್ತಿನ ಸ್ಥಿತಿಯ ಕೆಲವು ಪ್ರಶ್ನೆಗಳು. ಹಂಚುವ ಮೊದಲು ಪ್ರತಿ ವಿಭಾಗದ ಒಂದಿಬ್ಬರ ಜೊತೆ ಕೂತು, ಒಂದೊಂದೇ ವಾಕ್ಯ ಓದಿಸಿ, "ಇದನ್ನು ಓದಿದಾಗ ನಿಮಗೆ ಯಾವ ಸಂದರ್ಭ ನೆನಪಾಯಿತು" ಎಂದು ಕೇಳಿ. ಕಚೇರಿಯವರಿಗಾಗಿ ಬರೆದ ವಾಕ್ಯ ಗೋದಾಮಿನವರಿಗೆ ಹೊಂದದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಬದಲಾವಣೆಯ ವಾಕ್ಯಗಳು, ವೇಗವನ್ನು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆ, ಬಿಟ್ಟುಹೋದ ಕೆಲಸದ ಬಗ್ಗೆ ನರ್ಸ್ ಮೇಡಂ ಹೇಳಿದ ಪ್ರಶ್ನೆ, ಕಲಿಕೆಗೆ ಸಮಯ ಸಿಗುತ್ತಾ ಎಂಬುದು, ಇಷ್ಟನ್ನು ತೆಗೆದುಕೊಂಡಿದ್ದೇನೆ. ದಾಖಲೆಗಳನ್ನು ವಿಭಾಗದವರಿಂದ ಕೇಳಿದ್ದೇನೆ. ಒಂದೇ ಅನುಮಾನ ಉಳಿದಿದೆ: ಫಲಿತಾಂಶವನ್ನು ಮೊದಲು ಯಾರಿಗೆ ತೋರಿಸಬೇಕು?

ಯೂನಿಯನ್ ಪ್ರತಿನಿಧಿ:
ಮೇಲಿನವರಿಗೆ ಕೊಡುವ ದಿನವೇ ಉತ್ತರ ಕೊಟ್ಟವರಿಗೂ ಕೊಡಿ ಸರ್, ಅದೇ ಹಾಳೆ, ಅವೇ ಅಂಕಿ. ಗೋದಾಮಿನಲ್ಲಿ ಎಲ್ಲರೂ ಮೇಲ್ ನೋಡಲ್ಲ, ಅದಕ್ಕೆ ಶಿಫ್ಟ್ ಬದಲಾಗುವ ಹೊತ್ತಿಗೆ ಬಂದು ಬಾಯಲ್ಲಿ ಹೇಳಿ. ಎರಡೂ ಶಿಫ್ಟಿನವರು ಒಟ್ಟಿಗೆ ಸಿಗ್ತಾರೆ. ಆ ಹದಿನೈದು ನಿಮಿಷವನ್ನು ಕೆಲಸದ ಸಮಯದೊಳಗೇ ಕೊಡಿಸಿ.