ಕನಸಿನ ಹೋಟೆಲ್: ಒಂದು ಸಲವಾದರೂ ಹೋಗಬೇಕು, ಯಾವುದಕ್ಕೆ?

ಕೊಡಗಿನ ನಾಪೋಕ್ಲು ಕಡೆ ಹೋಂಸ್ಟೇ ನಡೆಸುತ್ತಿದ್ದೇವೆ. ಹನ್ನೊಂದು ವರ್ಷದಿಂದ ಬೇರೆಯವರಿಗೆ ಹಾಸಿಗೆ ಹಾಸಿದ್ದೇನೆ, ಬೆಳಿಗ್ಗೆ ಎದ್ದು ಅಕ್ಕಿ ರೊಟ್ಟಿ ಸುಟ್ಟಿದ್ದೇನೆ. ಮುಂದಿನ ವರ್ಷ ನಮ್ಮ ಮದುವೆಯಾಗಿ 25 ವರ್ಷ. ಎರಡು ರಾತ್ರಿಯಾದರೂ ಸಾಕು, ಒಂದು ಒಳ್ಳೆಯ ಹೋಟೆಲಿನಲ್ಲಿ ನಾನೇ ಅತಿಥಿಯಾಗಿ ಇರಬೇಕು. ಯಾವ ದೇಶವಾದರೂ ಸರಿ. ಜಿರಾಫೆ ಕಿಟಕಿಗೆ ಕತ್ತು ಹಾಕುವ ಹೋಟೆಲು, ಮಂಜುಗಡ್ಡೆಯ ಹೋಟೆಲು, ಎಲ್ಲದರ ಫೋಟೋ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಹೋಗಿ ಬಂದವರು ಇದ್ದೀರಾ? ದುಡ್ಡು ಕೂಡಿಟ್ಟು ಹೋಗುವಷ್ಟು ಚೆನ್ನಾಗಿದೆಯಾ? ಯಜಮಾನರದ್ದು ಒಂದೇ ಮಾತು, ಕಾಫಿ ಕೊಯ್ಲಿನ ಹೊತ್ತಿಗೆ ಎಲ್ಲಿಗೂ ಬರಲ್ಲ ಅಂತ.

ಕುಶಾಲನಗರದಿಂದ:

ಅಕ್ಕ, ನಾವು ಸಿಂಗಾಪುರದ ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಇದ್ದೆವು. ಮೂರು ಗೋಪುರದ ತಲೆ ಮೇಲೆ ಹಡಗು ಇಟ್ಟ ಹಾಗೆ ಕಾಣುತ್ತದಲ್ಲ, ಅದೇ. 57ನೇ ಮಹಡಿಯಲ್ಲಿ 150 ಮೀಟರ್ ಉದ್ದದ ಈಜುಕೊಳ. ಆ ಕೊಳಕ್ಕೆ ಬಿಡುವುದು ಅಲ್ಲಿ ರೂಮ್ ಮಾಡಿದವರನ್ನು ಮಾತ್ರ. ಟಿಕೆಟ್ ತಗೊಂಡು ಹೋದರೆ ಊರು ನೋಡುವ ಜಾಗ ಬೇರೆ ಇದೆ, ಕೊಳ ಸಿಗಲ್ಲ. ನಾವು ಒಂದು ರಾತ್ರಿ ಮಾತ್ರ ಅಲ್ಲಿ ಮಲಗಿದೆವು. ಉಳಿದ ಮೂರು ರಾತ್ರಿ ಲಿಟಲ್ ಇಂಡಿಯಾದ ಸಾಧಾರಣ ಹೋಟೆಲಿನಲ್ಲಿ. ಸಂಜೆ ಒಮ್ಮೆ ಕೊಳಕ್ಕೆ ಇಳಿದೆವು, ಮತ್ತೆ ಬೆಳಿಗ್ಗೆ ಸೂರ್ಯ ಹುಟ್ಟುವಾಗ. ಒಂದು ರಾತ್ರಿಯೇ ಧಾರಾಳವಾಯಿತು.

ವಿರಾಜಪೇಟೆಯಿಂದ:

ತಂಗಿ, ನಿಮ್ಮ ಪತ್ರ ಓದಿ ನನ್ನದೇ ಕಥೆ ಅನ್ನಿಸಿತು. ನಾವೂ ತೋಟದವರು, ನಮ್ಮಲ್ಲೂ ಎರಡು ರೂಮ್ ಬಾಡಿಗೆಗೆ ಇದೆ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಹೋಟೆಲ್ ಯಾವುದು ಅನ್ನುವುದಕ್ಕಿಂತ ಮೊದಲು ಯಾವ ತಿಂಗಳು ಅಂತ ನೋಡಿಕೊಳ್ಳಿ. ನವೆಂಬರ್ ಬಂತೆಂದರೆ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು, ಹೊಸ ವರ್ಷ ಬಂದರೆ ರೋಬಸ್ಟಾ ಕಾಫಿಯದ್ದು. ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡಬೇಕು, ಬರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. ಏಪ್ರಿಲ್, ಮೇ ಮಕ್ಕಳಿಗೆ ರಜೆ, ಹೋಂಸ್ಟೇ ತುಂಬಿರುತ್ತದೆ. ನಮಗೆ ಬಿಡುವು ಸಿಗುವುದು ಮಳೆಗಾಲದಲ್ಲೇ. ಆ ತಿಂಗಳುಗಳಲ್ಲಿ ಎಲ್ಲಿ ಬಿಸಿಲಿದೆ ಅಂತ ನೋಡಿದರೆ ಅರ್ಧ ಪಟ್ಟಿ ತಾನಾಗಿಯೇ ಕಳಚಿಕೊಳ್ಳುತ್ತದೆ.

ನನಗೆ ಮೊದಲು ಆಸೆ ಇದ್ದದ್ದು ಶ್ರೀಲಂಕಾದ ನುವಾರ ಎಲಿಯ ಹತ್ತಿರದ ಹೆರಿಟೆನ್ಸ್ ಟೀ ಫ್ಯಾಕ್ಟರಿ ಮೇಲೆ. ನಿಂತುಹೋದ ಹಳೇ ಟೀ ಕಾರ್ಖಾನೆಯನ್ನೇ ಹೋಟೆಲ್ ಮಾಡಿದ್ದಾರೆ. ಎಲೆ ಬಾಡಿಸುತ್ತಿದ್ದ ಅಟ್ಟಗಳೇ ಈಗ ಮಲಗುವ ರೂಮುಗಳು. ಹಳೇ ಯಂತ್ರ ಹಾಗೇ ಉಳಿಸಿಕೊಂಡಿದ್ದಾರೆ. ನಾವೇ ಚಿಗುರು ಕಿತ್ತು, ಅದರ ಟೀ ಕುಡಿಯಬಹುದು. ತೋಟದವರಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲೂ ಮಳೆ, ಮಂಜು, ಚಳಿ. ಇಲ್ಲಿಯ ಮಳೆ ಬಿಟ್ಟು ಅಲ್ಲಿಯ ಮಳೆ ನೋಡಲು ಯಾರು ಹೋಗುತ್ತಾರೆ? ಅಲ್ಲಿ ಒಳ್ಳೆಯ ಕಾಲ ಅಂದರೆ ಜನವರಿಯಿಂದ ಏಪ್ರಿಲ್. ನಮಗೆ ಆಗುವುದಿಲ್ಲ.

ಹಾಗಾಗಿ ಅದೇ ದೇಶದ ಒಣ ಭಾಗಕ್ಕೆ ಹೋದೆವು. ದಂಬುಲ್ಲ ಹತ್ತಿರ ಹೆರಿಟೆನ್ಸ್ ಕಂಡಲಮ ಅನ್ನುವ ಹೋಟೆಲ್. ಜೆಫ್ರಿ ಬಾವಾ ಅನ್ನುವ ಶ್ರೀಲಂಕಾದ ದೊಡ್ಡ ವಾಸ್ತುಶಿಲ್ಪಿ 1990ರ ದಶಕದಲ್ಲಿ ಕಟ್ಟಿದ್ದು. ಬೆಟ್ಟದ ಬಂಡೆಗೆ ಒರಗಿಸಿ ಉದ್ದಕ್ಕೆ ಕಟ್ಟಿದ್ದಾರೆ. ಕಾರಿಡಾರಿನಲ್ಲಿ ನಡೆಯುವಾಗ ಪಕ್ಕದಲ್ಲಿ ಬಂಡೆಯೇ ಕಾಣುತ್ತದೆ, ಕೈ ಚಾಚಿ ಮುಟ್ಟಬಹುದು. ಹೊರಗಿನಿಂದ ನೋಡಿದರೆ ಬಳ್ಳಿಯೇ ಬಳ್ಳಿ, ಅಷ್ಟು ದೊಡ್ಡ ಕಟ್ಟಡ ಹಸಿರಿನಲ್ಲಿ ಮುಚ್ಚಿಹೋಗಿದೆ. ಎದುರಿಗೆ ಹಳೇ ಕಾಲದ ಕೆರೆ, ಅದರಾಚೆ ದೂರದಲ್ಲಿ ಸಿಗಿರಿಯ ಬಂಡೆ.

ಮೊದಲ ದಿನ ಐದು ಗಂಟೆಗೇ ಎಚ್ಚರವಾಯಿತು, ಅಭ್ಯಾಸ. ಎದ್ದು ಕೂತೆ. ಯಾರಿಗೂ ಕಾಫಿ ಕೊಡಬೇಕಿಲ್ಲ, ಗೀಸರ್ ಹಾಕಬೇಕಿಲ್ಲ. ಬಾಲ್ಕನಿಯಲ್ಲಿ ಕೂತು ಕೆರೆ ಮೇಲೆ ಬೆಳಕು ಬರುವುದನ್ನು ನೋಡಿದೆ. ಎಷ್ಟು ವರ್ಷದ ಮೇಲೆ ಸುಮ್ನೆ ಕೂತಿದ್ದೆನೋ, ಕಣ್ಣು ತುಂಬಿ ಬಂತು. ಖರ್ಚು ಮಾಡಿದ್ದು ಆ ಒಂದು ಗಂಟೆಗೇ ಅಂದರೂ ನನಗೆ ಬೇಸರ ಇಲ್ಲ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿಂದ ಕಾರಿನಲ್ಲಿ ಮೂರೂವರೆ, ನಾಲ್ಕು ಗಂಟೆ ಇಟ್ಟುಕೊಳ್ಳಿ.

ಜಿರಾಫೆ ಹೋಟೆಲಿನ ವಿಷಯ. ಅದು ಕೀನ್ಯಾದ ನೈರೋಬಿಯಲ್ಲಿರುವ ಜಿರಾಫ್ ಮ್ಯಾನರ್, 1930ರ ದಶಕದ ಮನೆ. ನನ್ನ ನಾದಿನಿ ಅಲ್ಲಿಗೇ ಅಂತ ಹೊರಟವಳು. ರೂಮುಗಳು ತೀರಾ ಕಡಿಮೆ, ಬಹಳ ಮೊದಲೇ ತುಂಬುತ್ತವೆ, ಬಾಡಿಗೆಯೂ ಕೈಗೆಟುಕಲಿಲ್ಲ. ಪಕ್ಕದಲ್ಲೇ ಜಿರಾಫ್ ಸೆಂಟರ್ ಇದೆ. ಟಿಕೆಟ್ ತಗೊಂಡು ಒಳಗೆ ಹೋದರೆ ಎತ್ತರದ ಜಗಲಿಯ ಮೇಲೆ ನಿಂತು ಅಂಗೈಯಿಂದ ತಿನ್ನಿಸಬಹುದು. ಮ್ಯಾನರಿನ ಕಿಟಕಿಗೆ ಬರುವುದೂ ಇದೇ ಜಿರಾಫೆಗಳು. ಅವಳು ಹೋದದ್ದು ಜುಲೈನಲ್ಲಿ. ಅಲ್ಲಿ ಆಗ ಮಳೆ ಇಲ್ಲ, ಆದರೆ ಊರು ಎತ್ತರದಲ್ಲಿದೆ, ಸ್ವೆಟರ್ ಬೇಕು. ಹೋಗುವುದಾದರೆ ಹಳದಿ ಜ್ವರದ ಲಸಿಕೆ ಮರೆಯಬೇಡಿ. ಹೊರಡುವ 10 ದಿನ ಮೊದಲಾದರೂ ಹಾಕಿಸಿರಬೇಕು, ಅದೂ ಸರ್ಕಾರ ಒಪ್ಪಿದ ಕೇಂದ್ರದಲ್ಲಿ. ಆ ಕಾರ್ಡ್ ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಇಡುತ್ತಾರೆ.

ಮಾದಾಪುರದಿಂದ:

ವಿರಾಜಪೇಟೆ ಅಕ್ಕ ಹೇಳಿದ್ದು ಒಪ್ಪಿದೆ, ಆದರೆ ಒಂದು ಮಾತು. ಜುಲೈ, ಆಗಸ್ಟ್‌ನಲ್ಲಿ ಮನೆ ಬಿಟ್ಟು ಹೋಗುವ ಧೈರ್ಯ ನನಗಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಕುಸಿದದ್ದು ಕಣ್ಣ ಮುಂದೆ ಇದೆ. ದೂರ ದೇಶದಲ್ಲಿ ಕೂತು ಮನೆಗೆ ಫೋನ್ ಸಿಗದೆ ಒದ್ದಾಡುವುದಾದರೆ ಯಾವ ಹೋಟೆಲ್ ರುಚಿಸುತ್ತದೆ? ಸೆಪ್ಟೆಂಬರ್ 3ಕ್ಕೆ ನಮ್ಮ ಕೈಲ್ ಪೊಳ್ದ್ ಹಬ್ಬ ಮುಗಿಸಿ ಹೊರಡಿ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣಕ್ಕೆ ಮೊದಲು ಮನೆಯಲ್ಲಿರಿ. ಮಳೆ ಇಳಿದಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ.

ಜಪಾನ್ ಬೇಕೆನ್ನಿಸಿದರೆ ಆ ತಿಂಗಳು ಬೇಡ, ಸೆಪ್ಟೆಂಬರ್ ಅಲ್ಲಿ ಚಂಡಮಾರುತದ ಕಾಲ. ಬೇರೆ ಸಮಯ ಸಿಕ್ಕರೆ ರ್ಯೋಕಾನ್ ಅನ್ನುವ ಹಳೇ ಪದ್ಧತಿಯ ಛತ್ರಗಳು ತುಂಬಾ ಚೆಂದ. ಯಮನಾಶಿಯಲ್ಲಿ ಕೆಯುನ್‌ಕಾನ್ ಅಂತ ಒಂದಿದೆ, ಕ್ರಿ.ಶ. 705ರಲ್ಲಿ ಶುರುವಾದದ್ದು, ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆ. ಬಾಡಿಗೆ ರೂಮಿಗಲ್ಲ, ತಲೆಗೆ ಇಷ್ಟು ಅಂತ; ಸಾಮಾನ್ಯವಾಗಿ ರಾತ್ರಿ ಊಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ಮೀನು ತಿನ್ನದವರು ಮೊದಲೇ ಬರೆದು ತಿಳಿಸಬೇಕು. ತರಕಾರಿ ಸಾರಿಗೂ ಒಣಮೀನಿನ ರಸ ಹಾಕುತ್ತಾರೆ.

ಮೂರ್ನಾಡಿನಿಂದ:

ಮಂಜುಗಡ್ಡೆಯ ಹೋಟೆಲಿಗೆ ಮಗಳ ಜೊತೆ ಹೋಗಿದ್ದೆ. ಸ್ವೀಡನ್ನಿನ ಯುಕ್ಕಸ್‌ಯಾರ್ವಿ ಅನ್ನುವ ಹಳ್ಳಿಯಲ್ಲಿದೆ. ಪಕ್ಕದ ಟೊರ್ನೆ ನದಿಯ ಮಂಜುಗಡ್ಡೆ ಕತ್ತರಿಸಿ ಪ್ರತಿ ಚಳಿಗಾಲ ಹೊಸದಾಗಿ ಕಟ್ಟುತ್ತಾರೆ, ಬೇಸಿಗೆಗೆ ಕರಗಿ ನದಿಗೇ ಹೋಗುತ್ತದೆ. 2016ರಿಂದ ವರ್ಷವಿಡೀ ಇರುವ ಭಾಗವೂ ಇದೆ. ಒಳಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಹಿಮಸಾರಂಗದ ಚರ್ಮದ ಮೇಲೆ ದಪ್ಪ ಚೀಲದೊಳಗೆ ಮಲಗಬೇಕು. ಒಂದೇ ರಾತ್ರಿ ಸಾಕು, ಮರುದಿನಕ್ಕೆ ಅಲ್ಲೇ ಬೆಚ್ಚಗಿನ ರೂಮ್ ತಗೊಳ್ಳಿ. ರಾತ್ರಿ ಎದ್ದು ಬಾತ್‌ರೂಮಿಗೆ ಬೇರೆ ಕಟ್ಟಡಕ್ಕೆ ಹೋಗಬೇಕಾಯಿತು, ಮಂಡಿನೋವು ಇದ್ದರೆ ಯೋಚಿಸಿ.

ಯುರೋಪಿನಲ್ಲಿ ಕಡಿಮೆ ದುಡ್ಡಿಗೆ ಹಳೇ ಕೋಟೆ, ಮಠದಲ್ಲಿ ಮಲಗಬೇಕೆಂದರೆ ಸ್ಪೇನಿನ ಪರಾದೋರ್‌ಗಳನ್ನು ನೋಡಿ. ಸರ್ಕಾರವೇ ನಡೆಸುತ್ತದೆ, ಮೊದಲನೆಯದು ಶುರುವಾದದ್ದು 1928ರಲ್ಲಿ. ಗ್ರಾನಡಾದ್ದು ಅಲ್ಹಂಬ್ರ ಅರಮನೆಯ ಆವರಣದೊಳಗೇ ಇದೆ.

ಒಂದು ಪಾಠ ಮಾತ್ರ ದುಬಾರಿಯಾಯಿತು. ಅಗ್ಗ ಅಂತ ದುಡ್ಡು ವಾಪಸ್ ಇಲ್ಲದ ಬುಕಿಂಗ್ ಮಾಡಿದ್ದೆವು. ವೀಸಾ ಮೂರು ದಿನ ತಡವಾಗಿ ಬಂತು. ಮೊದಲ ಎರಡು ರಾತ್ರಿಯ ದುಡ್ಡು ಹೋಯಿತು. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಬುಕಿಂಗ್ ಮಾತ್ರ ಮಾಡಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು.

ನಾಪೋಕ್ಲಿನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇಬ್ಬರೂ ಕೂತು ಓದಿದೆವು. ಆ ಐದು ಗಂಟೆಯ ವಿಷಯ ಬಂದಾಗ ಯಜಮಾನರು ಏನೂ ಹೇಳದೆ ಕ್ಯಾಲೆಂಡರ್ ತೆಗೆದರು. ಸೆಪ್ಟೆಂಬರ್ ಎರಡನೇ ವಾರ, ಕಂಡಲಮ. ಅಕ್ಕ, ಕೆರೆ ಕಾಣುವ ರೂಮ್ ಬೇಕು ಅಂತ ಮೊದಲೇ ಹೇಳಬೇಕಾ?

ವಿರಾಜಪೇಟೆಯಿಂದ:

ಬುಕ್ ಮಾಡುವಾಗಲೇ ಬರೆಯಿರಿ ತಂಗಿ, 25ನೇ ವರ್ಷ ಅನ್ನುವುದನ್ನೂ ಸೇರಿಸಿ. ಹೊರಗೆ ಹೋಗುವಾಗ ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ, ಕೋತಿಗಳು ಬರುತ್ತವೆ.