ಹೋಮ್ ಸ್ಟುಡಿಯೋ ಪಿಸಿ: ಸ್ಯಾಂಪಲ್ ಲೈಬ್ರರಿಗೆ ಬೇರೆ ಡ್ರೈವ್ ಬೇಕಾ?

ಪ್ರಶ್ನೆ:
ಬಿ550 ಮದರ್‌ಬೋರ್ಡ್, 32 ಜಿಬಿ ರ್‍ಯಾಮ್, ವಿಂಡೋಸ್ 11, ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್). ಈಗಿರುವುದು 500 ಜಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಮತ್ತು ಹಳೆಯ 1 ಟಿಬಿ ಹಾರ್ಡ್ ಡಿಸ್ಕ್. ಕಾಂಟ್ಯಾಕ್ಟ್ (ರೆಕಾರ್ಡ್ ಮಾಡಿಟ್ಟ ವಾದ್ಯದ ಸದ್ದುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ನುಡಿಸುವ ಸಾಫ್ಟ್‌ವೇರ್) ಲೈಬ್ರರಿಗಳೇ 600 ಜಿಬಿ, ಎಲ್ಲಾ ಹಾರ್ಡ್ ಡಿಸ್ಕ್‌ನಲ್ಲಿವೆ. ಸ್ಟ್ರಿಂಗ್ಸ್ ದಟ್ಟವಾಗಿ ನುಡಿಸಿದರೆ ನೋಟ್‌ಗಳು ಕಟ್ ಆಗುತ್ತವೆ. 2 ಟಿಬಿಯದು ಒಂದು ತಗೊಳ್ಳಲಾ, 1 ಟಿಬಿಯವು ಎರಡಾ? ಜೆನ್ 4 (ಇನ್ನೂ ವೇಗದ ಎನ್‌ವಿಎಂಇ) ಬೇಕೇ ಬೇಕಾ?

ಉತ್ತರ 1:
ಹಾರ್ಡ್ ಡಿಸ್ಕೇ ಕಾರಣ ಇರಬೇಕು. ನುಡಿಸುವಾಗ ಕಾಂಟ್ಯಾಕ್ಟ್‌ನ ಡಿಸ್ಕ್ ಮೀಟರ್ ನೋಡಿ, ಏರಿದ್ದರೆ ಖಾತ್ರಿ. ಪ್ರತಿ ಸ್ಯಾಂಪಲ್‌ನ ಮೊದಲ ಚೂರು ಮಾತ್ರ ರ್‍ಯಾಮ್‌ನಲ್ಲಿರುತ್ತದೆ, ಉಳಿದದ್ದನ್ನು ಕೀ ಒತ್ತಿದ ಮೇಲೆ ಡಿಸ್ಕ್‌ನಿಂದ ಎಳೆಯಬೇಕು. ನೂರಾರು ವಾಯ್ಸ್ (ಒಟ್ಟಿಗೆ ನುಡಿಯುವ ಸ್ಯಾಂಪಲ್‌ಗಳು) ಎದ್ದರೆ ಹಾರ್ಡ್ ಡಿಸ್ಕ್‌ನ ಓದುವ ಹೆಡ್ ಅಷ್ಟೂ ಕಡೆ ಓಡಬೇಕು, ಒಂದೊಂದು ಓಟಕ್ಕೆ ಹತ್ತು ಮಿಲಿಸೆಕೆಂಡಿನಷ್ಟು ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಓಟವೇ ಇಲ್ಲ. ಸೆಕೆಂಡಿಗೆ 550 ಎಂಬಿಯ ಸಾಟಾ ಎಸ್‌ಎಸ್‌ಡಿ ಕೂಡ ಸಾಕು. ಜೆನ್ 4ಗೆಂದು ಹೆಚ್ಚು ದುಡ್ಡು ಸುರಿಯಬೇಡಿ.

2 ಟಿಬಿಯದು ಒಂದು ತಗೊಳ್ಳಿ, ಲೈಬ್ರರಿಗೆ ಮಾತ್ರ. ವಿಂಡೋಸ್, ಪ್ಲಗಿನ್, ನಡೆಯುತ್ತಿರುವ ಪ್ರಾಜೆಕ್ಟ್ 500 ಜಿಬಿಯಲ್ಲೇ ಇರಲಿ. ರೆಕಾರ್ಡಿಂಗ್ ದೊಡ್ಡ ಭಾರವಲ್ಲ: 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೊನೊ ಟ್ರ್ಯಾಕ್ ಸೆಕೆಂಡಿಗೆ 144 ಕೆಬಿ, ಗಂಟೆಗೆ ಸುಮಾರು 520 ಎಂಬಿ.

ಉತ್ತರ 2:
ಕೊಳ್ಳುವ ಮೊದಲು ಬೋರ್ಡಿನ ಮ್ಯಾನ್ಯುಯಲ್ ತೆಗೆದು ನೋಡಿ. ಅನೇಕ ಬಿ550 ಬೋರ್ಡ್‌ಗಳಲ್ಲಿ ಎರಡನೇ ಎಂ.2 ಸ್ಲಾಟ್ (ಎನ್‌ವಿಎಂಇ ಕೂರಿಸುವ ಜಾಗ) ತುಂಬಿದರೆ ಹಾರ್ಡ್ ಡಿಸ್ಕ್ ಕೇಬಲ್ ಹಾಕುವ ಎರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹಾರ್ಡ್ ಡಿಸ್ಕ್ ಮಾಯವಾದರೆ ಕೇಬಲ್ ಬೇರೆ ಪೋರ್ಟಿಗೆ ಹಾಕಿ.

ಲೈಬ್ರರಿ ಸಾಗಿಸುವಾಗ ಎಲ್ಲರೂ ಎಡವುವುದು ಡ್ರೈವ್ ಅಕ್ಷರದಲ್ಲಿ. ಹಳೆಯದು ಡಿ: ಎಂದುಕೊಳ್ಳಿ. ಅದರಲ್ಲಿರುವುದನ್ನೆಲ್ಲ ಫೋಲ್ಡರ್ ಹೆಸರು ಬದಲಿಸದೆ ಹೊಸದಕ್ಕೆ ಕಾಪಿ ಮಾಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯದಕ್ಕೆ ಎಕ್ಸ್:, ಹೊಸದಕ್ಕೆ ಡಿ: ಕೊಡಿ. ಹಳೆಯ ಪ್ರಾಜೆಕ್ಟ್‌ಗಳು 'ಸ್ಯಾಂಪಲ್ ಸಿಗುತ್ತಿಲ್ಲ' ಎನ್ನದೆ ತೆರೆಯುತ್ತವೆ.

ಕೊನೆಗೆ ಕಾಂಟ್ಯಾಕ್ಟ್ ಆಪ್ಷನ್ಸ್‌ನ ಮೆಮೊರಿ ಟ್ಯಾಬ್‌ನಲ್ಲಿ ಪ್ರೀಲೋಡ್ ಬಫರನ್ನು (ಮೊದಲೇ ಲೋಡ್ ಆಗುವ ಆ ಮೊದಲ ಚೂರಿನ ಗಾತ್ರ) 24 ಕೆಬಿ ಆಸುಪಾಸಿಗೆ ಇಳಿಸಿ. ರ್‍ಯಾಮ್ ಚೆನ್ನಾಗಿ ಉಳಿಯುತ್ತದೆ. ಚಟಪಟ ಸದ್ದು ಬಂದರೆ ಸ್ವಲ್ಪ ಏರಿಸಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಹಳೆಯ ಹಾರ್ಡ್ ಡಿಸ್ಕನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದಾ?

ಉತ್ತರ 3:
ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ (ಡಿಸ್ಕ್‌ನ ಆರೋಗ್ಯ ತೋರಿಸುವ ಸಾಫ್ಟ್‌ವೇರ್) ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್ (ಕೆಟ್ಟ, ಕೆಡುತ್ತಿರಬಹುದಾದ ಭಾಗಗಳು) ಎಣಿಕೆ ನೋಡಿ. ಎರಡೂ ಸೊನ್ನೆ ಇಲ್ಲದಿದ್ದರೆ ಆ ಡಿಸ್ಕ್ ನಂಬಬೇಡಿ. ಲೈಬ್ರರಿಯನ್ನು ಮತ್ತೆ ಡೌನ್‌ಲೋಡ್ ಮಾಡಬಹುದು, ಹಾಡಿದ ಟೇಕ್ ಮತ್ತೆ ಸಿಗುವುದಿಲ್ಲ. ಆದ್ದರಿಂದ ಬ್ಯಾಕಪ್ ಮುಖ್ಯವಾಗಿ ಪ್ರಾಜೆಕ್ಟ್‌ಗಳಿಗೆ. ರೀಪರ್‌ನಲ್ಲಿ ಸೇವ್ ಆ್ಯಸ್ ಮಾಡುವಾಗ ಮೀಡಿಯಾವನ್ನೆಲ್ಲ ಪ್ರಾಜೆಕ್ಟ್ ಫೋಲ್ಡರಿಗೆ ಕಾಪಿ ಮಾಡುವ ಆಯ್ಕೆಗೆ ಟಿಕ್ ಹಾಕಿ, ಇಲ್ಲದಿದ್ದರೆ ಡೆಸ್ಕ್‌ಟಾಪ್‌ನಿಂದ ಎಳೆದು ಹಾಕಿದ ವೇವ್ ಫೈಲ್ ಬ್ಯಾಕಪ್‌ಗೆ ಸೇರುವುದೇ ಇಲ್ಲ. ಇನ್ನೊಂದು ಪ್ರತಿ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿರಲಿ. ವರ್ಷಗಟ್ಟಲೆ ಬೀರುವಿನಲ್ಲಿಡಲು ಎಸ್‌ಎಸ್‌ಡಿ ಬೇಡ, ಕರೆಂಟ್ ಇಲ್ಲದೆ ಬಹಳ ದಿನ ಬಿಟ್ಟರೆ ಅದರಲ್ಲಿನ ಡೇಟಾ ಅಳಿಯಬಹುದು.