ಮಲ್ಪೆಯಲ್ಲಿ ಮೀನೂಟ: ಯಾವಾಗ ಹೋಗಬೇಕು, ಏನು ಕೇಳಬೇಕು?

ಪ್ರಶ್ನೆ: ಜುಲೈ ಎರಡನೇ ವಾರ ಮೈಸೂರಿನಿಂದ ಮಲ್ಪೆಗೆ ಹೋಗುವ ಯೋಚನೆ ಇದೆ. ನಾನು, ಹೆಂಡತಿ, ಆರು ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಅತ್ತೆ ಮೀನು ಮುಟ್ಟಲ್ಲ. ನಮಗೆ ಮೂವರಿಗೂ ಇಷ್ಟ, ಆದರೆ ಬಂಗುಡೆ ಫ್ರೈ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಮೆನು ಓದಿದರೆ ಅರ್ಧ ಹೆಸರು ಅರ್ಥವೇ ಆಗಲ್ಲ. ಹೋಗಿ ಬಂದವರು, ಅಲ್ಲಿಯವರು ಹೇಳಿ.

ಮಲ್ಪೆ ಪಕ್ಕದ ಊರಿನವರು:
ಮೊದಲು ತಾರೀಕು ಬದಲಾಯಿಸಲು ಆಗ್ತದಾ ನೋಡಿ ಮಾರಾಯ್ರೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಬಿರುಸು. ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಹಾಗಂತ ಹೋಟೆಲಿನಲ್ಲಿ ಮೀನು ಇರುವುದಿಲ್ಲ ಅಂತಲ್ಲ. ಪೂರ್ವ ಕರಾವಳಿಯ ರಜೆ ಜೂನ್ 14ಕ್ಕೇ ಮುಗಿಯುತ್ತದೆ. ಆ ಕಡೆಯಿಂದ ಐಸ್ ಹಾಕಿದ ಮೀನು ಲಾರಿಯಲ್ಲಿ ಬರುತ್ತದೆ. ಮಲ್ಪೆಯಲ್ಲಿ ಕೂತು ಬಂಗಾಳ ಕೊಲ್ಲಿಯ ಮೀನು ತಿನ್ನಲಿಕ್ಕೆ ಮೈಸೂರಿನಿಂದ ಬರಬೇಕಾ?

ಸೀಸನ್‌ನಲ್ಲೂ ಒಂದು ವಿಷಯ ತಿಳಿದಿರಲಿ. ಆಳಸಮುದ್ರಕ್ಕೆ ಹೋದ ಬೋಟು ವಾಪಸ್ ಬರಲು ವಾರ, ಹತ್ತು ದಿನ ಆಗುತ್ತದೆ. ಮೀನು ಅಷ್ಟು ದಿನ ಐಸಿನಲ್ಲೇ ಇರುತ್ತದೆ. ಸಣ್ಣ ನಾಡದೋಣಿಯವರು, ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರು ಹಿಡಿದದ್ದು ಅದೇ ದಿನದ್ದು. ಹಾಗಾಗಿ ಮೆನು ಕಾರ್ಡ್ ಬದಿಗಿಡಿ. "ಇವತ್ತು ಎಂತ ಮೀನು ಬಂದದೆ? ನಾಡದೋಣಿಯದ್ದು ಉಂಟಾ?" ಅಂತ ಕೇಳಿ. ಬೂತಾಯಿ ಚೆನ್ನಾಗಿ ಬಂದಿದ್ದರೆ ಬೂತಾಯಿಯೇ ತಿನ್ನಿ. ಅಗ್ಗ ಅಂತ ಅಸಡ್ಡೆ ಬೇಡ. ತಾಜಾ ಬೂತಾಯಿಯ ಪುಳಿಮುಂಚಿ (ಹುಳಿ-ಖಾರದ ಸಾರು) ಮುಂದೆ ಹಳೇ ಅಂಜಲ್ (ಕಿಂಗ್ ಫಿಶ್) ಯಾವ ಲೆಕ್ಕ!

ಹೆಸರುಗಳ ಗೊಂದಲಕ್ಕೆ: ಬೂತಾಯಿ ಅಂದರೆ ಬೇರೆ ಕಡೆ ಮತ್ತಿ ಅನ್ನುವುದು, ಇಂಗ್ಲಿಷಿನ ಸಾರ್ಡೀನ್. ಮಾಂಜಿ ಅಂದರೆ ಪಾಂಫ್ರೆಟ್. ಬೊಂಡಾಸ್ ಅಂದರೆ ಸ್ಕ್ವಿಡ್, ಅದರಲ್ಲಿ ಮುಳ್ಳೇ ಇಲ್ಲ. ಮರುವಾಯಿ ಅಂದರೆ ಚಿಪ್ಪಿನ ಒಳಗಿನದ್ದು, ತೆಂಗಿನಕಾಯಿ ಹಾಕಿ ಒಣ ಪಲ್ಯದ ಹಾಗೆ ಸುಕ್ಕ ಮಾಡಿದರೆ ಬಲು ರುಚಿ. ಮಗಳಿಗೆ ಅಂಜಲ್ ತುಂಡು ಕೊಡಿ, ನಡುವಿನ ಮುಳ್ಳು ತೆಗೆದರೆ ಆಯ್ತು. ಕಾಣೆ ಮೀನೂ (ಲೇಡಿಫಿಶ್) ಆಗಬಹುದು, ಮೆತ್ತಗಿರುತ್ತದೆ. ಬೂತಾಯಿಯಲ್ಲಿ ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ಬೇಡ. ಮಸಾಲಾ ಫ್ರೈ ಖಾರ ಆದೀತು, ರವಾ ಫ್ರೈ ಹೇಳಿ.

ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಹೋಗುವವರು:
ರೇಟು ಕೇಳದೆ ಆರ್ಡರ್ ಮಾಡಬೇಡಿ. ಬೋರ್ಡಿನಲ್ಲಿ ಕೆಲವು ಮೀನುಗಳ ಮುಂದೆ ಬೆಲೆ ಇರಲ್ಲ, "ಸೈಜ್ ಪ್ರಕಾರ" ಅಂತ ಬರೆದಿರುತ್ತಾರೆ. ಒಂದು ಸಲ ಬೀಚ್ ಕಡೆಯ ಹೋಟೆಲೊಂದರಲ್ಲಿ ಸುಮ್ನೆ ತಲೆಯಾಡಿಸಿದೆ. ಒಂದೇ ಒಂದು ಮಾಂಜಿಗೆ ನಮ್ಮ ನಾಲ್ಕೂ ಊಟಕ್ಕಿಂತ ಹೆಚ್ಚು ಬಿಲ್ ಬಂತು. ತಪ್ಪು ನನ್ನದೇ ಅನ್ನಿ. ಈಗ ಮೀನನ್ನು ತಂದು ತೋರಿಸಿ, ರೇಟು ಹೇಳಿ ಅಂತೀನಿ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಇನ್ನೊಂದು, ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ. ಗಸಿ (ತೆಂಗಿನಕಾಯಿ ಅರೆದ ಗಟ್ಟಿ ಸಾರು) ಆಗಷ್ಟೇ ಇಳಿಸಿರುತ್ತಾರೆ. ಕೂತ ತಕ್ಷಣ "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಅಂತ ಕೇಳ್ತಾರೆ. ಮೊದಲ ಸಲ ನಾನು ಬೆಪ್ಪಾಗಿ ನೋಡಿದ್ದೆ! ಬೆಳ್ತಿಗೆ ಅಂದರೆ ನಮ್ಮ ಬಿಳಿ ಅನ್ನ. ಮೀನಿನ ಗಸಿಗೆ ಕುಚ್ಚಲಕ್ಕಿಯೇ ಸರಿ. ದಪ್ಪ ಕಾಳು ನೋಡಿ ಹೆದರಬೇಡಿ.

ಉಡುಪಿಯಲ್ಲಿ ಓದಿದವರು:
ಅತ್ತೆಯವರ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಮೀನಿನ ಹೋಟೆಲಿನಲ್ಲಿ ಅವರನ್ನು ಕೂರಿಸಿ "ಅನ್ನ ಸಾರು ಇದೆಯಲ್ಲ" ಅನ್ನಬೇಡಿ, ಆ ವಾಸನೆಯಲ್ಲಿ ಅವರಿಗೆ ಊಟ ಇಳಿಯಲ್ಲ. ಉಡುಪಿ ಬರೀ ಆರು ಕಿಲೋಮೀಟರ್. ಬೆಳಗಿನ ತಿಂಡಿಗೆ ಎಲ್ಲರೂ ರಥಬೀದಿಯ ಮಿತ್ರ ಸಮಾಜಕ್ಕೆ ಹೋಗಿ, ಬನ್ಸ್, ಗೋಳಿಬಜೆ ತಿನ್ನಿ. ಮಧ್ಯಾಹ್ನ ಅತ್ತೆಗೆ ಕೃಷ್ಣ ಮಠದ ಪ್ರಸಾದದ ಊಟ. ನೀವು ಮಲ್ಪೆಗೆ ಓಡಿ. ಸಂಜೆ ಅವರನ್ನು ಕಡಲ ಹತ್ತಿರದ ವಡಭಾಂಡೇಶ್ವರದ ಬಲರಾಮ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಉಡುಪಿಯ ಕೃಷ್ಣ ಗೋಪೀಚಂದನದ ಗಡ್ಡೆಯೊಳಗೆ, ಹಡಗಿನಲ್ಲಿ, ಇದೇ ಮಲ್ಪೆ ದಡಕ್ಕೆ ಬಂದ ಅನ್ನುವ ಕತೆ ಅವರಿಗೆ ಗೊತ್ತೇ ಇರುತ್ತದೆ. ಆ ಜಾಗ ನೋಡಿದರೆ ಖುಷಿಪಡುತ್ತಾರೆ.

ಮಳೆಗಾಲದ ಪಕ್ಷದವರು:
ಎಲ್ಲರೂ ಸೇರಿ ಜುಲೈಗೆ ಕಲ್ಲು ಹಾಕಿದಿರಲ್ಲ! ನಾಡದೋಣಿಯವರಿಗೆ ಈ ರಜೆ ಇಲ್ಲ, ಕಡಲು ಸ್ವಲ್ಪ ಸುಮ್ಮನಾದ ದಿನ ಹೋಗ್ತಾರೆ. ಸಿಕ್ಕುವುದು ಕಮ್ಮಿ, ಸಿಕ್ಕಿದರೆ ಮಾತ್ರ ಅದೃಷ್ಟ. ಮೀನು ಇಲ್ಲದ ದಿನ ಕೋರಿ ರೊಟ್ಟಿ (ಕೋಳಿ ಸಾರು, ಗರಿಗರಿ ಅಕ್ಕಿ ರೊಟ್ಟಿ) ತಿನ್ನಿ, ಒಣಮೀನಿನ ಚಟ್ನಿ ಸಿಕ್ಕರೆ ಬಿಡಬೇಡಿ. ಕೆಸುವಿನೆಲೆಯ ಪತ್ರೊಡೆಗೆ ಇದೇ ಕಾಲ, ಅದನ್ನು ಅತ್ತೆಯೂ ತಿನ್ನಬಹುದು. ಹಾಂ, ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡಲ್ಲ, ಅದೊಂದು ಹೌದು.

ಪ್ರಶ್ನೆ ಕೇಳಿದವರು:
ದ್ವೀಪಕ್ಕೆ ದೋಣಿ ಇಲ್ಲ ಅಂದದ್ದೇ ಮಗಳ ಮುಖ ಸಣ್ಣಗಾಯ್ತು. ರಜೆಯನ್ನು ಅಕ್ಟೋಬರ್‌ಗೆ ಹಾಕಿದೆ. ಎಲ್ಲರಿಗೂ ಥ್ಯಾಂಕ್ಸ್. ಅತ್ತೆದು ಒಂದೇ ಪ್ರಶ್ನೆ: "ಬೇಕರಿ ಬನ್ ತಿನ್ನಕ್ಕೆ ಉಡುಪಿಗೆ ಯಾಕೆ ಹೋಗ್ಬೇಕು?"

ಉಡುಪಿಯಲ್ಲಿ ಓದಿದವರು:
ಅಯ್ಯೋ, ಅದಲ್ಲ! ಬಾಳೆಹಣ್ಣು ಹಿಸುಕಿ ಮೈದಾಕ್ಕೆ ಕಲಸಿ, ಪೂರಿ ಥರ ಲಟ್ಟಿಸಿ ಕರಿದದ್ದು. ಸ್ವಲ್ಪ ಸಿಹಿ. ಚಟ್ನಿ, ಸಾಂಬಾರ್ ಜೊತೆ ತಿನ್ನೋದು. ಬೆಳಿಗ್ಗೆ ಬೇಗ ಹೋಗಿ, ಬಿಸಿ ಇರುವಾಗಲೇ ತಿನ್ನಬೇಕು.